ಹಳೆಯ ಆಟಕ್ಕೆ ಹೊಸ ಉಡುಪು: ಅಭಿಮಾನಿಯ ದೂರಿನಲ್ಲಿ ಹುರುಳುಂಟೆ?

ಹಳೆಯ ವಸ್ತುವೊಂದನ್ನು ಹೊಸದಾಗಿ ಮಾಡಿದಾಗಲೆಲ್ಲ 'ಮೊದಲಿನದೇ ಚೆನ್ನಾಗಿತ್ತು' ಎಂಬ ಮಾತು ಏಳುವುದುಂಟು. ಕೇಳಿದವರು ಅದನ್ನು ಹಳೆಯದರ ಮೇಲಿನ ಮೋಹವೆಂದು ನಕ್ಕು ತಳ್ಳಿಹಾಕುವುದೂ ಉಂಟು. ತಳ್ಳಿಹಾಕುವುದು ಸುಲಭ, ಆದರೆ ಅದು ವಿಜ್ಞಾನದ ಮಾರ್ಗವಲ್ಲ. ಒಬ್ಬನು ತನಗೆ ವ್ಯತ್ಯಾಸ ಕಂಡಿತೆಂದು ಹೇಳಿದರೆ, ಆ ವ್ಯತ್ಯಾಸವು ವಸ್ತುವಿನಲ್ಲಿದೆಯೋ ನೋಡುವವನ ನೆನಪಿನಲ್ಲಿದೆಯೋ ಎಂದು ವಿಚಾರಿಸಿ ನಿರ್ಣಯಿಸುವುದು ವಿಜ್ಞಾನದ ಮಾರ್ಗ. ಹಳೆಯ ಸಾಹಸದ ವಿಡಿಯೋ ಆಟಗಳನ್ನು ಪುನಃ ನಿರ್ಮಿಸಿದಾಗ ಅಭಿಮಾನಿಗಳಿಂದ ಬಂದ ದೂರುಗಳು ಇಂಥ ವಿಚಾರಣೆಗೆ ತಕ್ಕ ವಸ್ತುಗಳಾಗಿವೆ. ಆಟದ ಮಾತು ವಿಜ್ಞಾನದ ಪತ್ರಿಕೆಗೇಕೆ ಎಂದು ಕೇಳುವ ವಾಚಕರು ಮುಂದೆ ಬರುವ ಲೆಕ್ಕವನ್ನು ನೋಡುವವರೆಗೆ ತಾಳ್ಮೆಯಿಂದಿರಬೇಕೆಂದು ಬೇಡುತ್ತೇವೆ.

ಮೊದಲು ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 1990ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯವರು 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಎಂಬ ಆಟವನ್ನು ಹೊರತಂದರು. ರಾನ್ ಗಿಲ್ಬರ್ಟ್ ಅದರ ಮುಖ್ಯ ಕರ್ತೃ. ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಅವರ ಸಹಾಯಕರು. ಗೈಬ್ರಷ್ ಥ್ರೀಪ್‌ವುಡ್ ಎಂಬ ತರುಣನು ಕಡಲುಗಳ್ಳನಾಗಬೇಕೆಂಬ ಆಸೆಯಿಂದ ದ್ವೀಪವೊಂದಕ್ಕೆ ಬಂದಿಳಿಯುವುದು ಕಥೆಯ ಆರಂಭ. ಆಡುವವನು ತೆರೆಯ ಕೆಳಭಾಗದಲ್ಲಿರುವ 'ತೆರೆ', 'ನೋಡು', 'ಎತ್ತಿಕೊ', 'ತಳ್ಳು', 'ಮಾತನಾಡು' ಮೊದಲಾದ ಕ್ರಿಯಾಪದಗಳಲ್ಲಿ ಒಂದನ್ನು ಆರಿಸಿ, ಚಿತ್ರದಲ್ಲಿನ ವಸ್ತುವೊಂದಕ್ಕೆ ಅದನ್ನು ಅನ್ವಯಿಸಬೇಕು. ಕೈಚಳಕಕ್ಕಿಂತ ಬುದ್ಧಿಗೆ ಇಲ್ಲಿ ಹೆಚ್ಚು ಕೆಲಸ. ಕತ್ತಿಯ ಕಾಳಗದಲ್ಲಿ ಸಹ ಗೆಲ್ಲತಕ್ಕವನು ಕತ್ತಿ ಬೀಸಬಲ್ಲವನಲ್ಲ. ಎದುರಾಳಿಯ ಬೈಗುಳಕ್ಕೆ ಅದಕ್ಕಿಂತ ಚುರುಕಾದ ಉತ್ತರವನ್ನು ಕೊಡಬಲ್ಲವನು.

2009ರ ಜುಲೈ ತಿಂಗಳಲ್ಲಿ ಇದೇ ಆಟದ ವಿಶೇಷ ಆವೃತ್ತಿ ಹೊರಬಂದಿತು. ಹಿನ್ನೆಲೆಯ ಚಿತ್ರಗಳನ್ನೆಲ್ಲ ಹೊಸದಾಗಿ ಬರೆಸಿದ್ದರು. ಸಂಗೀತವನ್ನು ಮತ್ತೆ ನುಡಿಸಿದ್ದರು. ಬರಿಯ ಅಕ್ಷರಗಳಾಗಿದ್ದ ಸಂಭಾಷಣೆಗೆ ನಟರ ಧ್ವನಿ ಬಂದಿತ್ತು. ಅಭಿಮಾನಿಗಳಲ್ಲಿ ಅನೇಕರು ಇದನ್ನು ಸಂತೋಷದಿಂದ ಬರಮಾಡಿಕೊಂಡರು. ಆದರೆ ಎಲ್ಲರೂ ಒಪ್ಪಲಿಲ್ಲ. ನಾಯಕನ ತಲೆಗೂದಲಿನ ಹೊಸ ರೀತಿ ಕೆಲವರಿಗೆ ನಗೆಪಾಟಲಾಗಿ ಕಂಡಿತು. ಹೊಸ ಚಿತ್ರಗಳು ಹೆಚ್ಚು ಹೊಳಪಾಗಿವೆ, ಆದರೆ ರಾತ್ರಿಯ ದ್ವೀಪದ ಗುಟ್ಟು ಹೊರಟುಹೋಯಿತು ಎಂದು ಕೆಲವರು ಕೊರಗಿದರು. ಕ್ರಿಯಾಪದಗಳ ಪಟ್ಟಿಯನ್ನು ತೆರೆಯಿಂದ ಮರೆಮಾಡಿ, ಬೇಕಾದಾಗ ಗುಂಡಿಯೊತ್ತಿ ಕರೆಯಬೇಕೆಂದು ಮಾಡಿದ್ದು ಮತ್ತಷ್ಟು ಜನರಿಗೆ ತೊಡಕಾಯಿತು.

ಆದರೆ ಈ ಆವೃತ್ತಿಯನ್ನು ಮಾಡಿದವರು ಒಂದು ಬಹು ಒಳ್ಳೆಯ ಕೆಲಸವನ್ನೂ ಮಾಡಿದ್ದರು. ಆಡುತ್ತಿರುವಾಗ ಗಣಕದ ಎಫ್-10 ಎಂಬ ಕೀಲಿಯನ್ನೊತ್ತಿದರೆ, ನಿಂತ ಸ್ಥಳದಲ್ಲಿಯೇ ಹೊಸ ಚಿತ್ರ ಮಾಯವಾಗಿ ಹಳೆಯ ಚಿತ್ರ ಕಾಣುತ್ತಿತ್ತು. ಮತ್ತೊಮ್ಮೆ ಒತ್ತಿದರೆ ಪುನಃ ಹೊಸದು. ನಮ್ಮ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ತಾವು ಒಪ್ಪಿದ ಪಾಠವನ್ನು ಮೇಲೆ ಅಚ್ಚುಮಾಡಿಸಿ, ಇತರ ಪ್ರತಿಗಳಲ್ಲಿ ದೊರೆತ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುವ ಪದ್ಧತಿಯನ್ನು ವಾಚಕರು ಬಲ್ಲರು. ಸಂಪಾದಕನ ತೀರ್ಮಾನವನ್ನು ಒಪ್ಪದವನು ಅಲ್ಲಿಯೇ ಕೆಳಗೆ ನೋಡಿ ತಾನೇ ನಿರ್ಣಯಿಸಬಹುದು. ಈ ಒಂದು ಕೀಲಿಯು ಆಟಕ್ಕೆ ಅಂಥ ಪಾಠಾಂತರವನ್ನು ಒದಗಿಸಿತು. 'ಹಳೆಯದೇ ಚೆನ್ನ' ಎಂಬ ಮಾತು ಅಲ್ಲಿಂದ ಮುಂದೆ ಬರಿಯ ನೆನಪಿನ ಮಾತಾಗಿ ಉಳಿಯಬೇಕಾಗಿರಲಿಲ್ಲ. ಪರೀಕ್ಷಿಸಿ ನೋಡಬಹುದಾದ ಮಾತಾಯಿತು.

ಪರೀಕ್ಷಿಸಿದರೆ ಏನು ತಿಳಿಯುತ್ತದೆ? ಹಳೆಯ ಚಿತ್ರದಲ್ಲಿ ಅಡ್ಡಲಾಗಿ 320, ಉದ್ದಕ್ಕೆ 200, ಒಟ್ಟು 64,000 ಚುಕ್ಕೆಗಳಿದ್ದವು. ಮೊದಲ ಆವೃತ್ತಿಯಲ್ಲಿ ಬಳಸಬಹುದಾಗಿದ್ದ ಬಣ್ಣಗಳು ನಿಗದಿಯಾದ 16 ಮಾತ್ರ. ಇಂದಿನ ಸಾಧಾರಣ ತೆರೆಯಲ್ಲಿ 1920ಕ್ಕೆ 1080ರಂತೆ 20,73,600 ಚುಕ್ಕೆಗಳಿವೆ; ಎಂದರೆ ಸುಮಾರು 32 ಪಟ್ಟು. ಆ ಕಾಲದ 14 ಅಂಗುಲದ ತೆರೆಯಲ್ಲಿ ಚಿತ್ರದ ಅಗಲ ಸುಮಾರು 26 ಸೆಂಟಿಮೀಟರು. ಅದನ್ನು 320ರಿಂದ ಭಾಗಿಸಿದರೆ ಒಂದು ಚುಕ್ಕೆಗೆ 0.8 ಮಿಲಿಮೀಟರು ಬರುತ್ತದೆ. 60 ಸೆಂಟಿಮೀಟರು ದೂರದಲ್ಲಿ ಕುಳಿತವನ ಕಣ್ಣಿನಲ್ಲಿ ಈ ಚುಕ್ಕೆಯು ಒಂದು ಡಿಗ್ರಿಯ 60ನೆಯ ಭಾಗದ ಸುಮಾರು ಐದರಷ್ಟು ಕೋನವನ್ನು ಮಾಡುತ್ತದೆ. ಆರೋಗ್ಯವಂತವಾದ ಕಣ್ಣು ಒಂದು ಡಿಗ್ರಿಯ 60ನೆಯ ಭಾಗವನ್ನು ಬೇರ್ಪಡಿಸಿ ನೋಡಬಲ್ಲುದು. ಆದಕಾರಣ ಆಡುವವನಿಗೆ ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಳೆಯ ಚಿತ್ರ ನುಣುಪಾಗಿತ್ತೆಂದು ಯಾರಾದರೂ ಹೇಳಿದರೆ ಅದು ನೆನಪಿನ ಕೈವಾಡವೆಂದು ಧಾರಾಳವಾಗಿ ಹೇಳಬಹುದು.

ಇಷ್ಟಕ್ಕೇ ಅಭಿಮಾನಿ ಸೋತನೆಂದು ತಿಳಿಯಬಾರದು. ದೂರದಲ್ಲಿ ನಿಂತ ಪಾತ್ರದ ಮುಖವೆಂದರೆ ಕೆಲವೇ ಚುಕ್ಕೆಗಳು. ಕಣ್ಣು ಮೂಗುಗಳನ್ನು ತುಂಬಿಕೊಳ್ಳುವ ಕೆಲಸ ನೋಡುವವನ ಮನಸ್ಸಿಗೆ ಬಿಟ್ಟದ್ದು. ಹೊಸ ಚಿತ್ರವು ಆ ಮುಖವನ್ನು ಪೂರ್ತಿಯಾಗಿ ಬರೆದು ತೋರಿಸಿದೊಡನೆ, ಸಾವಿರಾರು ಜನ ಮನಸ್ಸಿನಲ್ಲಿ ಕಟ್ಟಿಕೊಂಡ ಸಾವಿರಾರು ಮುಖಗಳ ಸ್ಥಾನದಲ್ಲಿ ಒಂದೇ ಮುಖ ನಿಲ್ಲುತ್ತದೆ. ತಲೆಗೂದಲಿನ ವಿಷಯದಲ್ಲಿ ಎದ್ದ ನಗೆಗೆ ಮೂಲ ಇದೇ ಎಂದು ನಮ್ಮ ಅಭಿಪ್ರಾಯ. ಕಲಾವಿದನ ಕೈ ಸೋತದ್ದಲ್ಲ. ಹಿಂದೆ ನಿರ್ಧಾರವಾಗದೆ ಇದ್ದುದನ್ನು ಆತನು ನಿರ್ಧರಿಸಬೇಕಾಗಿ ಬಂದಿತು.

ಬಣ್ಣಗಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಹದಿನಾರೇ ಬಣ್ಣಗಳಲ್ಲಿ ರಾತ್ರಿಯ ಆಕಾಶವನ್ನು ಬರೆಯಬೇಕಾದ ಮಾರ್ಕ್ ಫೆರಾರಿ ಮೊದಲಾದ ಚಿತ್ರಕಾರರು ಎರಡು ಬಣ್ಣಗಳ ಚುಕ್ಕೆಗಳನ್ನು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಇಟ್ಟು, ನೋಡುವವನಿಗೆ ಮೂರನೆಯ ಬಣ್ಣದ ಭಾವನೆ ಬರುವಂತೆ ಮಾಡಿದರು. ವೃತ್ತಪತ್ರಿಕೆಯ ಚಿತ್ರವನ್ನು ಮಸೂರದ ಕೆಳಗಿಟ್ಟು ನೋಡಿದವರಿಗೆ ಈ ಉಪಾಯ ಹೊಸದಲ್ಲ. ಅಂದಿನ ತೆರೆ ಕ್ಯಾಥೋಡ್ ಕಿರಣದ ಕೊಳವೆ. ಅದರೊಳಗೆ ಎಲೆಕ್ಟ್ರಾನುಗಳ ತೊರೆಯು ಗಾಜಿನ ಒಳಮೈಯ ಲೇಪಕ್ಕೆ ಬಡಿದು ಬೆಳಕನ್ನು ಹುಟ್ಟಿಸುತ್ತದೆ. ಆ ಬೆಳಕಿನ ಚುಕ್ಕೆಯು ನಡುವೆ ಪ್ರಖರವಾಗಿದ್ದು ಅಂಚಿಗೆ ಹೋದಂತೆ ಮಂದವಾಗುತ್ತದೆ. ನೆರೆಯ ಚುಕ್ಕೆಗಳು ಒಂದಿಷ್ಟು ಬೆರೆಯುತ್ತವೆ. ಮನೆಯ ದೂರದರ್ಶನದಲ್ಲಿ ಈ ಬೆರಕೆ ಹೆಚ್ಚು, ಗಣಕದ ತೆರೆಯಲ್ಲಿ ಕಡಮೆ. ಇಂದಿನ ದ್ರವಸ್ಫಟಿಕದ ತೆರೆಯಲ್ಲಿಯಾದರೋ ಪ್ರತಿಯೊಂದು ಚುಕ್ಕೆಗೂ ಕತ್ತರಿಸಿದಂಥ ಅಂಚು. ಅಲ್ಲದೆ 320ಕ್ಕೆ 200ರ ಚಿತ್ರವು ನಾಲ್ಕಕ್ಕೆ ಮೂರರ ಆಕಾರದ ತೆರೆಯನ್ನು ತುಂಬುತ್ತಿದ್ದುದರಿಂದ ಅಂದಿನ ಚುಕ್ಕೆಯ ಎತ್ತರ ಅದರ ಅಗಲದ 1.2ರಷ್ಟಿತ್ತು. ಈ ಲೆಕ್ಕವನ್ನು ಮರೆತು ಚೌಕದ ಚುಕ್ಕೆಗಳಲ್ಲಿ ತೋರಿಸಿದರೆ ದುಂಡಗಿನ ಚಂದ್ರ ಚಪ್ಪಟೆಯಾಗುತ್ತಾನೆ, ಮನುಷ್ಯರು ಕುಳ್ಳಾಗುತ್ತಾರೆ. ಹೀಗಿರಲು, 'ನಾನು ಕಂಡದ್ದು ಹೀಗಿರಲಿಲ್ಲ' ಎಂದು ಹಳೆಯ ಆಟಗಾರನು ಹೇಳಿದರೆ ಅದನ್ನು ಭ್ರಮೆಯೆನ್ನಲಾಗದು. ಅಂಕಿಗಳು ಅವೇ ಇದ್ದರೂ ತೆರೆ ಬದಲಾದರೆ ಚಿತ್ರ ಬದಲಾಗುತ್ತದೆ.

'ಮೂಲ' ಎಂಬ ಮಾತಿನಲ್ಲಿಯೂ ಎಚ್ಚರ ಬೇಕು. ಹದಿನಾರು ಬಣ್ಣಗಳ ಆವೃತ್ತಿಯ ತರುವಾಯ 256 ಬಣ್ಣಗಳ ಆವೃತ್ತಿ ಬಂದಿತ್ತು; ಎಫ್-10 ಒತ್ತಿದಾಗ ಕಾಣುತ್ತಿದ್ದುದು ಈ ಎರಡನೆಯದು. ಮೊದಲ ಆವೃತ್ತಿಯ ಕಾಡಿನಲ್ಲಿ ಒಂದು ಮರದ ಬೊಡ್ಡೆಯಿತ್ತು. ಅದರೊಳಗೆ ಇಣುಕಿದರೆ, 22ನೆಯ ಫ್ಲಾಪಿಯನ್ನು ಯಂತ್ರಕ್ಕೆ ಹಾಕೆಂದು ಆಟವು ಕೇಳುತ್ತಿತ್ತು. ಪೆಟ್ಟಿಗೆಯಲ್ಲಿದ್ದುದು ಬೆರಳೆಣಿಕೆಯ ಫ್ಲಾಪಿಗಳು! ವಿನೋದವನ್ನು ಅರಿಯದ ಕೆಲವರು ತಮಗೆ ಫ್ಲಾಪಿ ಕಡಮೆ ಬಂದಿದೆಯೆಂದು ಸಂಸ್ಥೆಗೆ ದೂರಿದರಂತೆ. ಸಿ.ಡಿ. ಬಂದ ಮೇಲೆ ಆ ವಿನೋದಕ್ಕೆ ನೆಲೆಯಿಲ್ಲದೆ ಹೋಯಿತು, ಅದನ್ನು ತೆಗೆದುಹಾಕಿದರು. ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಇಂಥದನ್ನು ಹೊಸ ಯಂತ್ರಕ್ಕೆ ದಾಟಿಸಲಾಗದು.

ಇನ್ನು ಎರಡನೆಯ ನಿದರ್ಶನ. 2004ರ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ವಯಸ್ಕರಿಗಾಗಿ ಮಾಡಿದ ಸಾಹಸದ ಆಟ. ಅಂದಿನ ಯಂತ್ರಕ್ಕೆ ಬಹು ದೂರದ ವಸ್ತುಗಳನ್ನು ಬರೆದು ತೋರಿಸುವ ಶಕ್ತಿಯಿರಲಿಲ್ಲ. ಆದುದರಿಂದ ದೂರವನ್ನೆಲ್ಲ ಮಬ್ಬಿನಿಂದ ಮುಚ್ಚಿದ್ದರು. 2021ರ ನವೆಂಬರಿನಲ್ಲಿ ಬಂದ ಪುನರ್ನಿರ್ಮಾಣದಲ್ಲಿ ಯಂತ್ರದ ಶಕ್ತಿ ಹೆಚ್ಚಿದ್ದರಿಂದ ಮಬ್ಬನ್ನು ಬಹುಮಟ್ಟಿಗೆ ತೆಗೆದರು. ಕೂಡಲೇ ಅಭಿಮಾನಿಗಳಿಂದ ದೂರು ಬಂದಿತು: ವಿಶಾಲವಾಗಿದ್ದ ನಾಡು ಆಟಿಕೆಯಂತೆ ಕಿರಿದಾಗಿ ಕಾಣುತ್ತಿದೆ! ನೆಲದ ವಿಸ್ತಾರ ಬದಲಾಗಿರಲಿಲ್ಲ. ಆದರೂ ದೂರು ಸರಿಯಾದುದೇ. ಮಲೆನಾಡಿನ ಬೆಟ್ಟದ ಸಾಲುಗಳನ್ನು ನೋಡಿದವರಿಗೆಲ್ಲ ತಿಳಿದಂತೆ, ಹತ್ತಿರದ ಸಾಲು ಹಸುರು, ಅದರ ಹಿಂದಿನದು ನೀಲಿ, ಕೊನೆಯದು ಆಕಾಶದಲ್ಲಿ ಕರಗಿದಂತೆ ಮಸುಕು. ನಡುವಣ ಗಾಳಿಯೂ ಧೂಳೂ ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣ. ನಮ್ಮ ಕಣ್ಣು ಈ ಮಸುಕನ್ನೇ ದೂರದ ಅಳತೆಗೋಲಾಗಿ ಮಾಡಿಕೊಂಡಿದೆ. ಯಂತ್ರದ ಬಡತನದಿಂದ ಬಂದ ಮಬ್ಬು ತಿಳಿಯದೆಯೇ ಆ ಅಳತೆಗೋಲನ್ನು ಒದಗಿಸಿತ್ತು. ಬಡತನ ಹೋದಾಗ ಅಳತೆಗೋಲೂ ಹೋಯಿತು. 2024ರ ನವೆಂಬರಿನಲ್ಲಿ ಹಳೆಯ ಬೆಳಕನ್ನು ಹೋಲುವ ವ್ಯವಸ್ಥೆಯೊಂದನ್ನು ಆ ಆಟಕ್ಕೆ ಮತ್ತೆ ಸೇರಿಸಲಾಯಿತು. ಅಭಿಮಾನಿಯು ಭೌತಶಾಸ್ತ್ರದ ಪರಿಭಾಷೆಯಲ್ಲಿ ಮಾತನಾಡದಿದ್ದರೂ ಅವನು ಕಂಡದ್ದು ನಿಜವೇ ಆಗಿತ್ತು.

ದೂರುಗಳೆಲ್ಲ ಹೀಗೆಯೇ ಗೆಲ್ಲುತ್ತವೆಂದು ನಾವು ಹೇಳುವುದಿಲ್ಲ. ಅಭ್ಯಾಸದ ಬಲ ದೊಡ್ಡದು. ಮೊದಲು ನೋಡಿದುದೇ ಸರಿಯೆಂದು ತೋರುವುದು ಮನುಷ್ಯಸ್ವಭಾವ. ಇದನ್ನು ಬೇರ್ಪಡಿಸುವ ಒಂದು ಸುಲಭ ಪರೀಕ್ಷೆಯನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಆಟವನ್ನು ಎಂದೂ ನೋಡದ ಇಪ್ಪತ್ತು ಗೆಳೆಯರನ್ನು ಆರಿಸಿಕೊಳ್ಳಿ. ಹತ್ತು ಮಂದಿಗೆ ಹಳೆಯ ಚಿತ್ರವನ್ನು ಮೊದಲು, ಉಳಿದ ಹತ್ತು ಮಂದಿಗೆ ಹೊಸದನ್ನು ಮೊದಲು ತೋರಿಸಿ, ಯಾವುದು ಮೆಚ್ಚಿಗೆಯಾಯಿತೆಂದು ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಿ. ಎರಡು ಗುಂಪಿನವರೂ ತಾವು ಮೊದಲು ಕಂಡುದನ್ನೇ ಮೆಚ್ಚಿದರೆ, ಅದು ಅಭ್ಯಾಸದ ಕೆಲಸವೆಂದು ಊಹಿಸಬಹುದು. ಎರಡು ಗುಂಪಿನವರೂ ಒಂದನ್ನೇ ಮೆಚ್ಚಿದರೆ, ಕಾರಣವನ್ನು ಚಿತ್ರದಲ್ಲಿಯೇ ಹುಡುಕಬೇಕು. ಇಪ್ಪತ್ತು ಜನರಿಂದ ಸಿದ್ಧಾಂತವಾಗದು, ನಿಜ. ಆದರೆ ಗದ್ದಲಕ್ಕಿಂತ ಇದು ಮೇಲು.

ಗದ್ದಲ ಎಲ್ಲಿಗೆ ಮುಟ್ಟಬಹುದೆಂಬುದಕ್ಕೂ ಇದೇ ಆಟದ ವಂಶದಲ್ಲಿ ಉದಾಹರಣೆಯಿದೆ. 2022ರಲ್ಲಿ ರಾನ್ ಗಿಲ್ಬರ್ಟರು ಅದರ ಹೊಸ ಭಾಗವೊಂದನ್ನು ಸಿದ್ಧಪಡಿಸುತ್ತಿದ್ದಾಗ, ಚಿತ್ರಶೈಲಿ ಹಳೆಯದರಂತಿಲ್ಲವೆಂದು ಕೆಲವರು ಅವರನ್ನು ವೈಯಕ್ತಿಕವಾಗಿ ನಿಂದಿಸತೊಡಗಿದರು. ಆಟವಿನ್ನೂ ಹೊರಬಂದಿರಲಿಲ್ಲ, ಆಡಿ ನೋಡಿದವರು ನಿಂದಕರಲ್ಲಿ ಯಾರೂ ಇರಲಿಲ್ಲ. ಗಿಲ್ಬರ್ಟರು ಬೇಸತ್ತು ಆ ಆಟದ ವಿಷಯವಾಗಿ ಸಾರ್ವಜನಿಕರಿಗೆ ಬರೆಯುವುದನ್ನೇ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಆಟ ಬಂದಾಗ ವಿಮರ್ಶಕರು ಅದನ್ನು ಮೆಚ್ಚಿದರು. ನೋಡುವ ಮುನ್ನ ತೀರ್ಪು ಕೊಡುವುದು ವೀಕ್ಷಣೆಯಲ್ಲ. ಕೃತಿಯನ್ನು ಬಿಟ್ಟು ಕರ್ತೃವನ್ನು ಬೈಯುವುದು ವಿಮರ್ಶೆಯಲ್ಲ. ಇದಕ್ಕೆ ಪ್ರತಿಯಾಗಿ, 2009ರ ಆವೃತ್ತಿಯ ತೊಡಕುಗಳನ್ನು ಬಿಡಿಸಿ ಹೇಳಿದ ದೂರುಗಳನ್ನು ನೆನೆಯಿರಿ. ಮರುವರ್ಷ ಎರಡನೆಯ ಭಾಗದ ವಿಶೇಷ ಆವೃತ್ತಿ ಬಂದಾಗ ಆಜ್ಞೆಗಳನ್ನು ಕೊಡುವ ರೀತಿ ಬದಲಾಗಿತ್ತು. ಹಳೆಯ ಚಿತ್ರದೊಡನೆ ಹೊಸ ಧ್ವನಿಯನ್ನು ಕೇಳುವ ಅನುಕೂಲವೂ ಒದಗಿತ್ತು.

ಈ ವಿಚಾರವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ: ಹೋಲಿಸಲು ಹಳೆಯದು ಕೈಗೆ ದೊರೆಯಬೇಕು. 2021ರಲ್ಲಿ ಪುನರ್ನಿರ್ಮಾಣ ಬರುವ ಒಂದು ತಿಂಗಳ ಮುಂಚೆಯೇ ರಾಕ್‌ಸ್ಟಾರ್ ಸಂಸ್ಥೆಯವರು ಹಳೆಯ ಆಟಗಳನ್ನು ಮಾರಾಟದಿಂದ ತೆಗೆದಿದ್ದರು. ದೂರುಗಳು ಬಂದ ಮೇಲೆ ಕ್ಷಮೆ ಕೇಳಿ, ಗಣಕಗಳಲ್ಲಿ ಆಡುವವರಿಗಾಗಿ ಅವನ್ನು ಮರಳಿ ಮಾರಾಟಕ್ಕಿಡುವುದಾಗಿ ತಿಳಿಸಿದರು. ಎಲ್ಲ ಆಟಗಳಿಗೂ ಅಷ್ಟು ಜನ ಅಭಿಮಾನಿಗಳಿಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಇಂಥವನ್ನು ಗ್ರಂಥಾಲಯಗಳು ದೂರದ ಸಂಶೋಧಕರಿಗೆ ಗಣಕಜಾಲದ ಮೂಲಕ ಒದಗಿಸಲು ಅನುಮತಿ ಕೇಳಿದಾಗ, ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಹಳೆಯ ಪ್ರತಿ ಕಣ್ಮರೆಯಾದ ಮೇಲೆ ಅಭಿಮಾನಿಯ ಮಾತು ನಿಜವೋ ಸುಳ್ಳೋ ಯಾರು ಹೇಳಬಲ್ಲರು? ಹೊಸದನ್ನು ಮಾಡಿದವನ ಶ್ರಮಕ್ಕೆ ಸಹ ಆಗ ಸರಿಯಾದ ಬೆಲೆ ಕಟ್ಟಲಾಗದು.

ಆದುದರಿಂದ ಹಳೆಯದನ್ನು ಯಾರೂ ಮುಟ್ಟಬಾರದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಹೊಸ ತಲೆಮಾರಿನವರಿಗೆ ಹೊಸ ರೂಪ ಬೇಕಾಗುತ್ತದೆ, ಪುನರ್ನಿರ್ಮಾಣ ನಡೆಯಲಿ. ಅದರ ಜತೆಯಲ್ಲಿ ಮೊದಲಿನದೂ ದೊರೆಯುತ್ತಿರಲಿ ಎಂಬುದಷ್ಟೆ ನಮ್ಮ ಆಗ್ರಹ. ತರುಣ ವಾಚಕರು ಇಂಥ ಚರ್ಚೆಯಲ್ಲಿ ಸೇರುವಾಗ ತಾವು ಯಾವ ಆವೃತ್ತಿಯನ್ನು, ಯಾವ ತೆರೆಯ ಮೇಲೆ ನೋಡಿದರು, ಏನು ಬದಲಾಗಿದೆ, ಅದರಿಂದ ಏನು ಕೆಟ್ಟಿತು ಅಥವಾ ಸುಧಾರಿಸಿತು ಎಂಬುದನ್ನು ಬಿಡಿಸಿ ಬರೆಯಲಿ. ಪ್ರಯೋಗಶಾಲೆಯ ಪುಸ್ತಕದಲ್ಲಿ ನೀವು ದಿನವೂ ಬರೆಯುವುದು ಇದನ್ನೇ ಅಲ್ಲವೆ? ಹಾಗೆ ಬರೆದ ದೂರನ್ನು ಮೋಹವೆಂದು ನಕ್ಕು ತಳ್ಳಿಹಾಕುವುದು ಯಾರಿಗೂ ಸುಲಭವಾಗದು.