ಮೆಣಸಿನಕಾಯಿ ಮನೆತನ

ಮಕ್ಕಳೇ, ಹೋದ ವಾರ ಬೆಂಗಳೂರಿನಿಂದ ನನ್ನ ಮೊಮ್ಮಗ ಫೋನ್ ಮಾಡಿದ್ದ. ಏಳನೇ ತರಗತಿ ಓದುತ್ತಾನೆ. "ಅಜ್ಜಾ, ನನ್ನ ಅಡ್ಡಹೆಸರು ತೆಗಸಿಬಿಡು. ಬರೇ 'ಎಂ' ಅಂತ ಇದ್ದರ ಸಾಕು" ಅಂದ. ದನಿ ಸಣ್ಣಗಾಗಿತ್ತು. ಹಾಜರಿ ಕರೆದಾಗಲೆಲ್ಲ ಹುಡುಗರು "ಹಸಿದೋ, ಒಣಗಿದ್ದೋ?" ಎಂದು ಕೇಳುತ್ತಾರಂತೆ. ನಮ್ಮ ಅಡ್ಡಹೆಸರು ಮೆಣಸಿನಕಾಯಿ.

"ಒಂದು ವಾರ ತಡಿಯಪಾ" ಎಂದೆ.

ಗದಗಿನಲ್ಲಿ ನಾನು ಓದುವಾಗ ಬಲಕ್ಕೆ ಉಳ್ಳಾಗಡ್ಡಿ, ಹಿಂದೆ ಬೆಲ್ಲದ, ಬಾಗಿಲ ಹತ್ತಿರ ಅಕ್ಕಿ ಕೂಡುತ್ತಿದ್ದರು. "ಇನ್ನೊಂದೀಟು ಎಣ್ಣಿ ಇದ್ದರ ಒಗ್ಗರಣಿ ಹಾಕಬಹುದು ನೋಡ್ರಲೇ" ಎಂದು ಮಾಸ್ತರರು ನಗಿಸುತ್ತಿದ್ದರು. ಎಲ್ಲರ ಹೆಸರೂ ಹಾಗೇ ಇದ್ದುದರಿಂದ ಯಾರಿಗೂ ಬೇಜಾರಿರಲಿಲ್ಲ. ಮೊಮ್ಮಗ ಅಲ್ಲಿ ಒಬ್ಬನೇ.

ಇಂಥ ಹೆಸರು ಹೆಚ್ಚಾಗಿ ವ್ಯಾಪಾರದಿಂದ ಬಂದವು. ಬೆಲ್ಲ ಮಾರುವ ಮನೆಯವರು ಬೆಲ್ಲದ, ಅಂಗಡಿ ಇಟ್ಟವರು ಅಂಗಡಿ. ನಮ್ಮ ಮುತ್ತಜ್ಜ ಹಳ್ಳಿಗಳಿಂದ ಒಣಮೆಣಸಿನಕಾಯಿ ಚೀಲಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಗದಗಿನ ಪೇಟೆಗೆ ತರುತ್ತಿದ್ದನಂತೆ. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವುದು ಅಲ್ಲಿಯ ರೂಢಿ. ಹಳೇ ಮೈಸೂರಿನವರಿಗೆ ಹೆಸರಿನ ಮುಂದೆ ಎರಡು ಇನಿಶಿಯಲ್ ಇದ್ದರೆ ಮುಗಿಯಿತು. ಅದಕ್ಕೇ ಅವರಿಗೆ ನಮ್ಮ ಹೆಸರು ಕೇಳಿದರೆ ನಗು.

ಈಗ ಸ್ವಾರಸ್ಯ ಕೇಳಿ. ನಮ್ಮ ಹೆಸರಿಗೆ ಸುಮಾರು ಐನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಲು ಸಾಧ್ಯವೇ ಇಲ್ಲ! ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಅದು ಹೊರಗಿನವರಿಗೆ ಗೊತ್ತಾಯಿತು. ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದಕ್ಕೂ ಮೊದಲು ಅಡುಗೆಗೆ ಖಾರ ಕೊಡುತ್ತಿದ್ದುದು ಮೆಣಸಿನ ಕಾಳು. ಹೊಸ ಕಾಯಿಯೂ ಹಾಗೇ ಖಾರ, ಆದ್ದರಿಂದ ಮೆಣಸಿನಕಾಯಿ. ಕೊನೆಗೆ ಪಾಪ, ಹಳೆಯ ಮೆಣಸೇ ತನ್ನ ಹೆಸರಿಗೆ 'ಕರಿ' ಅಂಟಿಸಿಕೊಂಡು ಕರಿಮೆಣಸಾಯಿತು. ಪರದೇಶದಿಂದ ಬಂದ ಕಾಯಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಎಷ್ಟು ಬೇರುಬಿಟ್ಟಿತೆಂದರೆ, ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು.

ನಮ್ಮ ಹೆಸರಿನವರು ಇಂದಿಗೂ ಗದಗ, ಹುಬ್ಬಳ್ಳಿ, ಧಾರವಾಡದ ಕಡೆ ಸಿಗುತ್ತಾರೆ. ನೌಕರಿಗೆಂದು ಬೆಂಗಳೂರು, ಪುಣೆ ಸೇರಿದವರೂ ಇದ್ದಾರೆ. ಇಂಗ್ಲಿಷಿನಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಒಮ್ಮೆ ಒಂದು ಕಚೇರಿಯಲ್ಲಿ ನನ್ನನ್ನು "ಮಿಸ್ಟರ್ ಮೆನಾಸಿನ ಕೈ" ಎಂದು ಕೂಗಿದ್ದರು. ಎದ್ದು ಹೋಗಿ ಎರಡೂ ಕೈ ತೋರಿಸಿದೆ!

ಭಾನುವಾರ ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ಉಳ್ಳಾಗಡ್ಡಿಯವರು ನಮಗಿಂತ ಹಳಬರಿರಬಹುದಲ್ಲ ಅಜ್ಜಾ?" ಎಂದು ಕೇಳಿದ. ಹೆಸರು ತೆಗೆಸುವ ಮಾತನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆ ತೋರಿಸಬೇಕಂತೆ. ಮೂಗಿಗೆ ಕಟ್ಟಿಕೊಳ್ಳಲು ಕರವಸ್ತ್ರ ತಾ ಎಂದಿದ್ದೇನೆ.