ಖಾಲಿ ಜಾಗ ಎಂದವರು ಯಾರು?

"ಅದು ಖಾಲಿ ಜಾಗ ಮಾರಾಯ್ತಿ, ಯಾರಿಗೆ ಎಂತ ತೊಂದ್ರೆ? ಹತ್ತು ಸುಮ್ನೆ."

ಆರಿದ್ರೆ ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಬೆಳಿಗ್ಗೆ, ಸಾಗರದ ಕಡೆಯ ನಮ್ಮೂರಿನಲ್ಲಿ, ಬೀಳು ಬಿಟ್ಟ ಗದ್ದೆಯ ಅಂಚಿನ ಮೇಲೆ ನಿಂತು ದೊಡ್ಡಪ್ಪನ ಮಗ ಹೇಳಿದ ಮಾತಿದು. ಅವನ ಹಿಂದೆ ಎಂಟು ಚಕ್ರದ ಹೊಸ ಗಾಡಿ ನಿಂತಿತ್ತು. ನಾನು ಹತ್ತಿದೆ. ಇಳಿದ ಮೇಲೆ ಎರಡು ವಾರ ಆ 'ಖಾಲಿ' ಎಂಬ ಶಬ್ದ ತಲೆಯಿಂದ ಇಳಿಯಲಿಲ್ಲ. ಈ ಬರಹ ಆ ಒಂದು ಶಬ್ದದ ಮೇಲಿನ ಜಗಳ. ಅಣ್ಣನ ಮೇಲಲ್ಲ, ಅಥವಾ ಅವನ ಮೇಲೆ ಸ್ವಲ್ಪ ಮಾತ್ರ.

ಗಾಡಿ ಹಿಂದಿನ ದಿನವಷ್ಟೇ ಪಿಕಪ್ಪಿನ ಬೆನ್ನ ಮೇಲೆ ಬಂದಿತ್ತು. ರಸ್ತೆಯ ಮೇಲೆ ಓಡಿಸುವ ಗಾಡಿಯಲ್ಲ ಅದು. ನೋಡಲಿಕ್ಕೆ ದೊಡ್ಡದೊಂದು ಸ್ನಾನದ ತೊಟ್ಟಿಗೆ ಎಂಟು ಚಕ್ರ ಹಚ್ಚಿದ ಹಾಗಿದೆ. ಪ್ಲಾಸ್ಟಿಕ್ ಮೈ, ಗಾಳಿ ಕಡಿಮೆ ತುಂಬಿದ ದಪ್ಪ ಟೈರು. ಸ್ಪ್ರಿಂಗ್ ಇಲ್ಲ, ಟೈರೇ ಸ್ಪ್ರಿಂಗು. ನೀರಿಗಿಳಿದರೆ ಅದೇ ಟೈರಿನ ಹಲ್ಲುಗಳು ಹುಟ್ಟು ಹಾಕುತ್ತವೆ, ನಡೆಯುವ ಮನುಷ್ಯನಷ್ಟು ನಿಧಾನವಾಗಿ ದೋಣಿಯ ಹಾಗೆ ಸಾಗುತ್ತದೆ. ಹೋಮ್‌ಸ್ಟೇಗೆ ಬರುವವರಿಗೆ 'ಮಡ್ ರೈಡ್' ಮಾಡಿಸಲು ಅಣ್ಣ ಸಾಲ ಮಾಡಿ ತಂದದ್ದು. ಮೊದಲ ಸವಾರಿಗೆ ನಾನೇ ಗಿರಾಕಿ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮಜವಾಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಗಾಡಿ ಎಮ್ಮೆಯ ಹಾಗೆ ಮೈಚೆಲ್ಲಿ ಮುಂದೆ ಹೋಗುವಾಗ, ಮುಖಕ್ಕೆ ರಾಡಿ ಸಿಡಿಯುವಾಗ ನಾನು ಕಿರುಚಿದ್ದು ಭಯದಿಂದಲ್ಲ. ಈ ಸುಖವನ್ನು ಬಚ್ಚಿಟ್ಟು ಪರಿಸರದ ಮೇಲೆ ಪ್ರವಚನ ಕೊಟ್ಟರೆ ನನ್ನನ್ನು ನಾನೇ ನಂಬುವುದಿಲ್ಲ.

ಆದರೆ ಆ ಗಾಡಿ ತಿರುಗುವ ರೀತಿ ನೋಡಬೇಕು. ಕಾರಿನ ಹಾಗೆ ಮುಂದಿನ ಚಕ್ರ ಓರೆಯಾಗುವುದಿಲ್ಲ. ಒಂದು ಬದಿಯ ನಾಲ್ಕು ಚಕ್ರಕ್ಕೆ ಬ್ರೇಕು ಬೀಳುತ್ತದೆ, ಇನ್ನೊಂದು ಬದಿಯ ನಾಲ್ಕು ಓಡುತ್ತಲೇ ಇರುತ್ತವೆ. ಅಂದರೆ ಗಾಡಿ ತಿರುಗುವುದಲ್ಲ, ನೆಲವನ್ನು ಉಜ್ಜಿಕೊಂಡು ಹೊರಳುವುದು. 'ಟೈರು ಮೆತ್ತಗಿದೆ, ಮಣ್ಣಿನ ಮೇಲೆ ಭಾರವೇ ಬೀಳುವುದಿಲ್ಲ' ಎಂದು ಮಾರುವವರು ಹೇಳುವುದು ಗಾಡಿ ನೆಟ್ಟಗೆ ಹೋಗುವಾಗ ನಿಜ. ಆದರೆ ಮಜಕ್ಕೆ ಹತ್ತಿದವರು ಯಾರೂ ನೆಟ್ಟಗೆ ಹೋಗುವುದಿಲ್ಲ. ನಾವು ಗದ್ದೆಯಲ್ಲಿ ನಾಲ್ಕು ಸುತ್ತು ಹೊಡೆದೆವು. ಹುಲ್ಲಿನ ಹೊದಿಕೆ ಚಾಪೆಯ ಹಾಗೆ ಸುರುಳಿ ಸುತ್ತಿ ಎದ್ದು ಬಂತು. ಆಮೇಲೆ ಅಂಚು ಹತ್ತಿ ಇಳಿದು, ಹಳ್ಳ ದಾಟಿ, ಹಿನ್ನೀರಿನ ಬಯಲಿಗೆ ಬಿದ್ದೆವು.

ಶರಾವತಿಯ ಹಿನ್ನೀರನ್ನು ಕಂಡವರಿಗೆ ಗೊತ್ತು, ಮಳೆ ಹಿಡಿಯುವ ಹೊತ್ತಿಗೆ ಅದು ಸರೋವರವಲ್ಲ, ಬಯಲು. ನೀರು ಕೆಳಗೆ ಸರಿದು, ಒಣಗಿದ ಮರದ ಬೊಡ್ಡೆಗಳು, ಹಳೆಯ ದಾರಿ, ಗದ್ದೆಯ ಅಂಚುಗಳ ಗೆರೆ ಎಲ್ಲ ಮೇಲೆ ಬಂದಿರುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಮುಳುಗಿದ ಊರುಗಳ ಗೆರೆಗಳು ಅವು. ಅವುಗಳಲ್ಲಿ ಒಂದು ತುಂಡು ನಮ್ಮ ಅಜ್ಜನದು. ಬೇಸಿಗೆಯಲ್ಲಿ ಅಜ್ಜ ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋಗಿ, ಕೋಲಿನಿಂದ ತೋರಿಸುತ್ತಾ, ಇದು ಹೊಂಡದ ಗದ್ದೆ, ಇದು ಅಗೆ ಹಾಕುತ್ತಿದ್ದ ಜಾಗ, ಇಲ್ಲಿ ಬಾವಿಯಿತ್ತು ಎನ್ನುತ್ತಿದ್ದರು. ಕಸಿದುಕೊಂಡ ನೆಲ ವರ್ಷಕ್ಕೊಮ್ಮೆ ಮುಖ ತೋರಿಸಿ ಹೋಗುವುದು ಎಂಥ ಶಿಕ್ಷೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಆ ಅಂಚುಗಳ ಮೇಲೆ ಗಾಡಿ ದಡದಡ ಹಾರಿ ಹೋಯಿತು. ಟಿಟ್ಟಿಭವೊಂದು ತಲೆಯ ಮೇಲೆಯೇ ಸುತ್ತುತ್ತಾ ಕಿರುಚತೊಡಗಿತು. ಬರೀ ನೆಲದ ಮೇಲೆ, ಕಲ್ಲಿನಂತೆಯೇ ಕಾಣುವ ಮೊಟ್ಟೆ ಇಡುವ ಹಕ್ಕಿ ಅದು. ಅದು ಹಾಗೆ ಮೈಮೇಲೆ ಬಂದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. "ನೋಡು, ನಮ್ಗೆ ಸ್ವಾಗತ ಮಾಡ್ತಾ ಉಂಟು" ಎಂದ ಅಣ್ಣ. ನಾನೂ ನಕ್ಕೆ. ಆಮೇಲೆ ನೀರಿಗಿಳಿದೆವು. ಇಪ್ಪತ್ತು ಮಾರು ಹೋಗುವುದರೊಳಗೆ ಪಾದ ತಣ್ಣಗಾಯಿತು. ಬೆಳಿಗ್ಗೆ ಗಾಡಿಯ ಒಳಗನ್ನು ತೊಳೆದು ನೀರು ಬಸಿಯಲು ಬಿಚ್ಚಿದ್ದ ಬಿರಡೆಯನ್ನು ಅಣ್ಣ ಮತ್ತೆ ಹಾಕಲು ಮರೆತಿದ್ದ. ಪಂಪು ಗೊರಗೊರ ಎನ್ನುತ್ತಾ ನೀರು ಎತ್ತಿ ಹಾಕಿತು, ನಾನು ಚಪ್ಪಲಿಯಲ್ಲಿ ಮೊಗೆದೆ. ಅಜ್ಜನ ಗದ್ದೆಯ ಮೇಲೆ ಅಜ್ಜನ ಮೊಮ್ಮಕ್ಕಳಿಬ್ಬರು ಮುಳುಗುವ ಎರಡನೆಯ ಅವಕಾಶ ಹೀಗೆ ತಪ್ಪಿತು.

ಈಗ ಜಗಳಕ್ಕೆ ಬರುತ್ತೇನೆ.

ಈ ಕಣಿವೆಯನ್ನು 'ಖಾಲಿ' ಎಂದು ಕರೆದದ್ದು ಇದು ಮೊದಲಲ್ಲ. ನಾಡಿಗೆ ಬೆಳಕು ಬೇಕಾದಾಗ ಇಲ್ಲಿದ್ದ ಗದ್ದೆ, ತೋಟ, ಗುಡಿ, ಮಸಣ ಯಾವುವೂ ತಡೆಯುವಷ್ಟು ಭಾರದ್ದಾಗಿ ಕಾಣಲಿಲ್ಲ. ಎಬ್ಬಿಸಿದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಮೆರವಣಿಗೆ ಹೋಗುತ್ತಿದ್ದಾರೆ. ಆಗ ಖಾಲಿ ಎಂದವರು ಹೊರಗಿನವರು, ಅವರ ಕೈಯಲ್ಲಿ ನಕ್ಷೆಯಿತ್ತು. ಈಗ ಖಾಲಿ ಎನ್ನುತ್ತಿರುವವರು ನಾವೇ. ನನಗೆ ನುಂಗಲಾಗದ್ದು ಇದು. ಮುಳುಗಡೆಯ ಕಥನಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ನಾನು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಮುಳುಗಡೆಯನ್ನು ಕಣ್ಣಾರೆ ಕಂಡ ನಾ. ಡಿಸೋಜರ 'ದ್ವೀಪ', 'ಮುಳುಗಡೆ'ಗಳಿಗೆ ಅಡಿಟಿಪ್ಪಣಿ ಬರೆಯುತ್ತಾ ಕೂತವಳು. ಆ ಬಯಲಿನಲ್ಲಿ ಗಾಡಿಯ ಮೇಲೆ ಕೂತು ಕಿರುಚಿದವಳೂ ನಾನೇ.

ಗಾಡಿಯ ಜಾತಕವನ್ನೂ ಸ್ವಲ್ಪ ನೋಡಿ. ಈ ಬಗೆಯ ಗಾಡಿ ಹುಟ್ಟಿದ್ದು ಅಣೆಕಟ್ಟೆ ಎದ್ದ ದಶಕದಲ್ಲೇ, ದೂರದ ಕೆನಡಾದಲ್ಲಿ. ಮೊದಲು 'ಜಿಗರ್' ಎಂಬ ಆರು ಚಕ್ರದ ಪುಟ್ಟ ಗಾಡಿ, ಆಮೇಲೆ 1967ರಲ್ಲಿ ಒಂಟಾರಿಯೊದಿಂದ 'ಆರ್ಗೋ'. ಅಲ್ಲಿ ಅದಕ್ಕೆ ಕೆಲಸವಿತ್ತು. ಜೌಗು, ಕೆರೆ, ಹಿಮ ಮೂರೂ ಒಂದೇ ದಾರಿಯಲ್ಲಿ ಸಿಗುವ ನಾಡಿನಲ್ಲಿ ಬೇಟೆಯವರು, ವಿದ್ಯುತ್ ತಂತಿ ನೋಡುವವರು ಹೋಗಿ ಬರಲು ಬೇಕಿತ್ತು. ಆದರೂ ಅಂಥ ನಾಡುಗಳಲ್ಲೇ ಅದರ ಗಾಯ ಮೊದಲು ಕಂಡದ್ದು. ಅಲಾಸ್ಕದ ತಣ್ಣನೆಯ ಬಯಲಿನಲ್ಲಿ ಒಮ್ಮೆ ಹಸಿರ ಹೊದಿಕೆ ಕಿತ್ತರೆ ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗುತ್ತದೆ, ದಾರಿ ಕೆಸರಾಗುತ್ತದೆ. ಕೆಸರು ತಪ್ಪಿಸಲು ಮುಂದಿನ ಗಾಡಿ ಪಕ್ಕದಲ್ಲಿ ಹೋಗುತ್ತದೆ, ಅದೂ ಕೆಸರಾಗುತ್ತದೆ. ಒಂದು ದಾರಿ ಜಡೆಯ ಎಳೆಗಳ ಹಾಗೆ ಬಿಚ್ಚಿಕೊಂಡು ಹತ್ತಾಗುತ್ತದೆ. ರಿಚರ್ಡ್ ನಿಕ್ಸನ್ ಪ್ರಕೃತಿಪ್ರೇಮಕ್ಕೆ ಹೆಸರಾದ ಮನುಷ್ಯನಲ್ಲ, ಆತ ಕೂಡ 1972ರಲ್ಲಿ ಆದೇಶ ಹೊರಡಿಸಿ, ಸರ್ಕಾರಿ ಭೂಮಿಯಲ್ಲಿ ಇಂಥ ಗಾಡಿ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಗುರುತು ಮಾಡಲು ಹೇಳಬೇಕಾಯಿತು. ಐವತ್ತು ವರ್ಷ ದಾಟಿದ ಮೇಲೆ ನಾವು ಗಾಡಿಯನ್ನು ಮಾತ್ರ ತರಿಸಿಕೊಂಡಿದ್ದೇವೆ.

ಗಾಡಿಯೇ ಪಾಪಿಯೆಂದು ನಾನು ಹೇಳುತ್ತಿಲ್ಲ. 2025ರ ಆಗಸ್ಟಿನ ಪಂಜಾಬಿನ ನೆರೆಯಲ್ಲಿ ಸೇನೆ 'ಆಟೋರ್' ಎಂಬ ಇದೇ ಬಗೆಯ ದೊಡ್ಡ ಗಾಡಿಗಳಲ್ಲಿ ಜನರನ್ನು ದಾಟಿಸಿತು. ನಮ್ಮಲ್ಲೂ ಇದು ಬೇಕಾಗಿದ್ದ ಕಾಲವೊಂದಿತ್ತು. ತುಮರಿ ಕಡೆಯವರು ಹಿನ್ನೀರಿನ ಆಚೆ ಸಿಕ್ಕಿಬಿದ್ದು ಅರವತ್ತು ವರ್ಷ ಲಾಂಚನ್ನೇ ನಂಬಿಕೊಂಡಿದ್ದರು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಹೊಟ್ಟೆನೋವಾಗಲಿ, ಹೆರಿಗೆಯಾಗಲಿ, ಒಂದೋ ಕಾಯಬೇಕು, ಇಲ್ಲವೇ ಹತ್ತಾರು ಕಿಲೋಮೀಟರು ಸುತ್ತಿ ಹೋಗಬೇಕು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೆಲದಲ್ಲೂ ನೀರಲ್ಲೂ ಹೋಗುವ ಗಾಡಿ ಆ ಜನಕ್ಕೆ ಬೇಕಿದ್ದಷ್ಟು ದಿನವೂ ಬರಲಿಲ್ಲ. ಸೇತುವೆಯಾಗಿ, ಪ್ರವಾಸಿಗರ ಕಾರು ಸರಾಗವಾಗಿ ಬರತೊಡಗಿದ ಮೇಲೆ ಆಟಿಕೆಯಾಗಿ ಬಂತು. ಇದಕ್ಕೆ ಅಣ್ಣ ಹೊಣೆಯಲ್ಲ. ಆದರೆ ಯಾವ ಯಂತ್ರ ಯಾರ ಬಳಿಗೆ ಯಾವಾಗ ಬರುತ್ತದೆ ಎಂಬುದರಲ್ಲೊಂದು ರಾಜಕೀಯವಿದೆ, ಅದನ್ನು ಕಾಣದೆ ಸೀಟುಬೆಲ್ಟು ಬಿಗಿದುಕೊಳ್ಳುವುದು ನನಗೆ ಕಷ್ಟ.

'ಆಲ್ ಟೆರೇನ್' ಎಂಬ ಹೆಸರನ್ನೇ ಕೇಳಿ. ಎಲ್ಲ ನೆಲ. ಗದ್ದೆ, ಹಳ್ಳ, ಜೌಗು, ಹಿನ್ನೀರಿನ ಬಯಲು, ಎಲ್ಲವೂ ಒಂದೇ. ನಮ್ಮ ಭಾಷೆ ಹಾಗೆ ಹೇಳುವುದಿಲ್ಲ. ಮಕ್ಕಿ ಗದ್ದೆ ಬೇರೆ, ಹೊಂಡದ ಗದ್ದೆ ಬೇರೆ. ಕಾನು ಬೇರೆ, ಹಾಡ್ಯ ಬೇರೆ, ಬ್ಯಾಣ ಬೇರೆ. ಒಂದೊಂದು ಹೆಸರಿನ ಹಿಂದೆಯೂ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬ ತಿಳಿವಳಿಕೆಯಿದೆ. ಗಾಡಿ ಒಂದೇ ಉಸಿರಿಗೆ ಆ ಹೆಸರುಗಳನ್ನೆಲ್ಲ ಒರೆಸುತ್ತದೆ.

ಬೀಳು ಬಿಟ್ಟ ಗದ್ದೆಯೂ ಕೆಲಸ ಬಿಟ್ಟಿರುವುದಿಲ್ಲ. ತಲೆಮಾರುಗಳ ಹೂಟೆಯಲ್ಲಿ ಕೆಸರು ಕಲಸಿ ಕಲಸಿ ಅದರಡಿಯಲ್ಲೊಂದು ಬಿಗಿ ಪದರ ಕೂತಿರುತ್ತದೆ. ಅಂಚು ಮಳೆನೀರನ್ನು ಹಿಡಿಯುತ್ತದೆ, ನೀರು ನಿಧಾನಕ್ಕೆ ಕೆಳಗಿನ ಹಳ್ಳಕ್ಕೆ ಜಿನುಗುತ್ತದೆ. ಮೊದಲ ಮಳೆಗೆ ಹತ್ತುಮೀನು ಏರಿ ಬರುವುದು ಇಂಥ ಗದ್ದೆಗಳಿಗೇ. ಅಂಚಿನ ಒಂದು ಜಾಗ ಚಕ್ರಕ್ಕೆ ಸಿಕ್ಕು ಕುಸಿದರೆ ಸಾಕು, ಚಕ್ರದ ಜಾಡೇ ಕಾಲುವೆಯಾಗಿ ನೀರೆಲ್ಲ ರಾಡಿಯಾಗಿ ಒಮ್ಮೆಲೇ ಹಳ್ಳಕ್ಕೆ.

ಆ ಹಳ್ಳದ ವಿಷಯ. ಈ ಮಧ್ಯ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಎಂಬುದೊಂದಿದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಕಡೆಗಳಲ್ಲಿ ಅಧ್ಯಯನ ಮಾಡಿ. ಮಳೆಗಾಲದ ರಾತ್ರಿ, ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿ ತಂದು, ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ. ಗಡಿಗೆಗೆ ಮಣ್ಣು ಮೆತ್ತುವವರ ಹಾಗೆ. ಅಣ್ಣನಿಗೆ ಇದನ್ನು ಹೇಳಿದೆ. "ಕಪ್ಪೆಗೆ ಕೆಸರು ಬೇಕಾದ್ರೆ ನಮ್ಮ ಗಾಡಿ ಬೇಕಾದಷ್ಟು ಮಾಡಿ ಕೊಡ್ತದೆ" ಎಂದ. ತಮಾಷೆ ಚೆನ್ನಾಗಿತ್ತು. ಆದರೆ ಕಪ್ಪೆಗೆ ಬೇಕಾದ್ದು ಒಂದು ಮುಷ್ಟಿ ಕೆಸರು ಮತ್ತು ಕದಡದ ಒಂದು ಹಳ್ಳ, ಎರಡೂ ಒಟ್ಟಿಗೆ.

ಅವನ ವಾದವನ್ನೂ ಇಡಬೇಕು, ಇಲ್ಲದಿದ್ದರೆ ಇದು ಜಗಳವಲ್ಲ, ಚಾಡಿ. ಮಂಗ, ಹಂದಿ ಕಾಯಲಾಗುವುದಿಲ್ಲ. ನಟ್ಟಿಗೆ ಜನ ಸಿಗುವುದಿಲ್ಲ. ಭತ್ತ ಬೆಳೆದರೆ ಕೈಯಿಂದ ಹಾಕಬೇಕು. "ನೀನು ಯೂನಿವರ್ಸಿಟಿಲಿ ಕೂತ್ಕಂಡು ಗದ್ದೆ ಉಳಿಸು ಅಂತಿ. ಬಾ, ನಟ್ಟಿ ಮಾಡು" ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ನಮ್ಮ ಸಾಹಿತ್ಯದವರ ಬಳಿಯೂ ಇಲ್ಲ. ಮಳೆ ಶುರುವಾಯಿತೆಂದರೆ ಮಣ್ಣಿನ ವಾಸನೆ, ಕಂಬಳಿಕೊಪ್ಪೆ, ಹಲಸಿನ ಹಪ್ಪಳ ಎಂದು ಪ್ರಬಂಧ ಬರೆಯುವ ನಾವು, ಕೆಸರನ್ನು ಕಿಟಕಿಯಿಂದ ನೋಡುವವರು. ಬೆಂಗಳೂರಿನಿಂದ ಬಂದು ಕೆಸರಿನಲ್ಲಿ ಹೊರಳಿ, ಬಿಸಿನೀರು ಕೇಳುವವನಿಗೂ ನಮಗೂ ಇರುವ ವ್ಯತ್ಯಾಸ ಗಾಡಿಯ ಬಾಡಿಗೆಯಷ್ಟೇ. ಇಬ್ಬರಿಗೂ ಕೆಸರು ನೋಟ. ಸೊಂಟ ಬಾಗಿಸಿ ಅದರಲ್ಲಿ ದಿನ ಕಳೆದವರಿಗೆ ಮಾತ್ರ ಅದು ನೆಲ.

ಅಂಥವರೊಬ್ಬರು ಆ ದಿನ ಅಂಗಳದಲ್ಲೇ ಇದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಗದ್ದೆಯ ನಟ್ಟಿಯ ಸಾಲಿಗೆ ಮುಂದಾಳಾಗಿರುತ್ತಿದ್ದ ಅಜ್ಜಿ. ಈಗ ಹೋಮ್‌ಸ್ಟೇಯಲ್ಲಿ ಬಟ್ಟೆ ಒಗೆಯುತ್ತಾರೆ. ಸಂಬಳ ತಿಂಗಳು ತಿಂಗಳು ಬರುತ್ತದೆ, ಇಂಬಳ ಕಚ್ಚುವುದಿಲ್ಲ, ಮಳೆಯಲ್ಲಿ ನೆನೆಯಬೇಕಿಲ್ಲ. ನಟ್ಟಿ ಕಾಲವೇ ಚೆನ್ನಾಗಿತ್ತೇ ಎಂದು ಕೇಳಿದೆ. ಸಂಶೋಧಕಿಯ ಪ್ರಶ್ನೆ. "ಎಂತ ಚೆಂದ? ಸೊಂಟ ಹೋಯ್ತು" ಎಂದರು. ಆಮೇಲೆ ನನ್ನ ಪ್ಯಾಂಟನ್ನು ಕಲ್ಲಿನ ಮೇಲೆ ಹರಡಿ, ಸೋಪು ತಿಕ್ಕುತ್ತಾ, "ಆದ್ರೆ ತಂಗೀ, ಗದ್ದೆ ಕೆಸ್ರು ಒಂದು ಜಾಲಾಡಿಗೆ ಹೋಗ್ತಿತ್ತು. ಇದ್ರಲ್ಲಿ ಎಣ್ಣೆ ಉಂಟು ನೋಡು, ಹೋಗೂದೇ ಇಲ್ಲ" ಎಂದು ಕಲೆ ತೋರಿಸಿದರು.

ಒಗೆದ ನೀರು ಅಂಗಳದ ಚರಂಡಿಯಿಂದ ಅದೇ ಗದ್ದೆಗೆ ಇಳಿಯುತ್ತದೆ. ಅಲ್ಲಿಂದ ಹಳ್ಳಕ್ಕೆ.

ಅಣ್ಣ ಇದನ್ನು ಓದುತ್ತಾನೆ, ಓದಿ ಸಿಟ್ಟಾಗುತ್ತಾನೆ, ಗೊತ್ತು. ಗಾಡಿ ಮಾರು ಎನ್ನುವುದಿಲ್ಲ, ಸಾಲದ ಕಂತು ನಾನು ಕಟ್ಟುವವಳಲ್ಲ. ಮನೆಯ ಮೇಲಿನ ಗುಡ್ಡದಲ್ಲಿ ಹಳೆಯ ಜೀಪಿನ ದಾರಿಯಿದೆ, ಅಲ್ಲಿ ಓಡಿಸು. ಹಳ್ಳಕ್ಕೆ ಇಳಿಸಬೇಡ. ಟಿಟ್ಟಿಭದ ಮರಿ ಎದ್ದು ಹೋಗುವ ತನಕವಾದರೂ ಹಿನ್ನೀರಿನ ಬಯಲಿಗೆ ಹೋಗಬೇಡ. ನೆರೆ ಬಂದು ಯಾರಾದರೂ ಸಿಕ್ಕಿಬಿದ್ದರೆ ಅರ್ಧರಾತ್ರಿಯಾದರೂ ತೆಗೆ, ಬಿರಡೆ ಹಾಕಲು ಮರೆಯಬೇಡ. ಮತ್ತೆ, ನಾವಿಬ್ಬರೂ ಸೇರಿ ಕೆಡವಿದ ಅಂಚು ಹಾಗೇ ಇದೆಯಂತಲ್ಲ. ಪುಷ್ಯ ಮಳೆ ಹಿಡಿಯುವುದರೊಳಗೆ ಕಟ್ಟದಿದ್ದರೆ ಕೆಳಗಿನ ಗದ್ದೆಯದೂ ಕಿತ್ತು ಹೋಗುತ್ತದೆ. ಈ ಭಾನುವಾರ ಬರುತ್ತೇನೆ. ಎರಡು ಗುದ್ದಲಿ ತೆಗೆದಿಡು.