ಸರ್ವರ್ ಇಲ್ಲ ಅಂದ್ರೆ, ಯಾರು ಇಲ್ಲ?

1/7

ಹಾಸನ ಜಿಲ್ಲೆಯವರಿಗೆ ಈ ಫೋಟೊ ವಿವರಿಸೋ ಅಗತ್ಯ ಇಲ್ಲ. ಕಿಟಕಿ ಕಂಬಿಗೆ ಅಂಟಿಸಿದ ಬಿಳಿ ಹಾಳೆ, ಸ್ಕೆಚ್ ಪೆನ್ನಲ್ಲಿ ಎರಡೇ ಪದ: "ಸರ್ವರ್ ಇಲ್ಲ". ಯಾವ ಕಚೇರಿ ಅಂತ ಹೇಳಲ್ಲ. ಹೊಳೆನರಸೀಪುರದವರು ನಮ್ದೇ ಅಂದ್ಕೋತೀರಿ, ಅರಕಲಗೂಡಿನವರು ನಮ್ದೇ ಅಂದ್ಕೋತೀರಿ, ಚನ್ನರಾಯಪಟ್ಟಣದವರೂ ಅಷ್ಟೇ.

ಆ ಹಾಳೆಯಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ನೋಡಿ. ಎಷ್ಟು ಗಂಟೆಯಿಂದ ಇಲ್ಲ? ಬರೆದಿಲ್ಲ. ಎಷ್ಟೊತ್ತಿಗೆ ಬರುತ್ತೆ? ಬರೆದಿಲ್ಲ. ಯಾರು ಸರಿ ಮಾಡ್ತಿದ್ದಾರೆ? ಗೊತ್ತಿಲ್ಲ. ಕೆಳಗೆ ಸಹಿ? ಇಲ್ಲ.

ರಾಗಿ ಖರೀದಿಗೆ ಹೆಸರು ಬರೆಸೋಕೆ ಪಹಣಿ, ಫ್ರೂಟ್ಸ್ ಐಡಿ ಸರಿ ಮಾಡಿಸೋಕೆ ಬಂದವರು, ಮಗಳ ಕಾಲೇಜು ಸೀಟಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕಾದವರು, ನೋಂದಣಿಗೆ ಅಂತ ನಾಲ್ಕು ಜನ ಅಣ್ಣತಮ್ಮಂದಿರನ್ನ ಒಂದೇ ದಿನ ಒಟ್ಟು ಮಾಡಿಕೊಂಡು ಬಂದವರು, ಎಲ್ಲರೂ ಆ ಎರಡು ಪದ ಓದಿ ವಾಪಸ್ ಬಸ್ ಹತ್ತುತ್ತಾರೆ. ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸರಿಗೆ ಟಿಕೆಟ್ ಫ್ರೀ. ಆದ್ರೆ ಹೋದ ದಿನ ಫ್ರೀ ಅಲ್ಲ. ಕೂಲಿ ಹೋಯ್ತು.

ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು. ಸರ್ವರ್ ಕೆಡೋದು ಅಪರಾಧ ಅಲ್ಲ. ಯಂತ್ರ ಅಂದ್ಮೇಲೆ ಕೆಡುತ್ತೆ. ಕೆಟ್ಟಾಗ ಅದಕ್ಕೊಂದು ಲೆಕ್ಕ, ಒಬ್ಬ ಹೊಣೆಗಾರ, ನಿಮಗೊಂದು ಪರಿಹಾರ ಇಲ್ಲದೇ ಇರೋದೇ ತಪ್ಪು.

ಸ್ವೈಪ್ ಮಾಡಿ 👉

2/7

ಸಾಫ್ಟ್‌ವೇರ್ ಜಗತ್ತಲ್ಲಿ "ಎಸ್‌ಎಲ್‌ಎ" ಅಂತ ಒಂದು ಕಾಗದ ಇರುತ್ತೆ. ಕನ್ನಡದಲ್ಲಿ ಸೇವಾ ಮಟ್ಟದ ಒಪ್ಪಂದ ಅನ್ನಬಹುದು. ಸೇವೆ ಕೊಡೋನು, ತಗೊಳ್ಳೋನು ಇಬ್ಬರೂ ಸೇರಿ ಮೊದಲೇ ಬರೆದುಕೊಳ್ತಾರೆ: ಇಷ್ಟು ಹೊತ್ತು ಸಿಸ್ಟಮ್ ನಡೀಬೇಕು, ನಿಂತರೆ ಇಷ್ಟರೊಳಗೆ ಸರಿ ಆಗ್ಬೇಕು, ಆಗದಿದ್ದರೆ ಇಷ್ಟು ದುಡ್ಡು ಕಡಿತ.

ಇದು ಬೆಂಗಳೂರಿನ ಕಂಪನಿಗಳ ವಿಷಯ, ನಮಗ್ಯಾಕೆ ಅಂತೀರಾ? ನಿಮ್ಮ ಹತ್ರ ಈಗಾಗಲೇ ಇಂಥದ್ದೊಂದು ಒಪ್ಪಂದ ಇದೆ. ಅದರ ಹೆಸರು ಸಕಾಲ.

2011ರ ಕಾಯ್ದೆ. 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಬಂತು. ಶುರುವಾದಾಗ 11 ಇಲಾಖೆಗಳ 151 ಸೇವೆ. ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತೆ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು. ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ, ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ. ಅದನ್ನ ಕೊಡಬೇಕಾದ್ದು ತಡ ಮಾಡಿದ ಅಧಿಕಾರಿ ಅಥವಾ ಸಿಬ್ಬಂದಿ.

₹20 ಅಂದ್ರೆ ಇವತ್ತು ಎರಡು ಟೀ ದುಡ್ಡು. ಆದ್ರೂ ಅದರ ಹಿಂದಿನ ಯೋಚನೆ ದೊಡ್ಡದು. "ನೋಡೋಣ, ನಾಳೆ ಬನ್ನಿ" ಅನ್ನೋ ಜಾಗದಲ್ಲಿ ಒಂದು ತಾರೀಖು ಬಂತು. ಕಚೇರಿಯ ದಯೆ ಅನ್ನೋದು ನಿಮ್ಮ ಹಕ್ಕು ಆಯ್ತು.

3/7

ಹಾಗಾದ್ರೆ ತೊಂದರೆ ಎಲ್ಲಿ?

ಸಕಾಲದ ಗಡಿಯಾರ ಯಾವಾಗ ಓಡೋಕೆ ಶುರುವಾಗುತ್ತೆ? ಅರ್ಜಿ ಸಿಸ್ಟಮ್‌ಗೆ ಏರಿ, ಜಿಎಸ್‌ಸಿ ಸಂಖ್ಯೆ ಬಂದ ಮೇಲೆ. ಆ ಸಂಖ್ಯೆ ಕೊಡೋದು ಯಾರು? ಸಾಫ್ಟ್‌ವೇರ್. ಸಾಫ್ಟ್‌ವೇರೇ ಮಲಗಿದ್ರೆ? ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲ ಅಂದ್ರೆ ಅರ್ಜಿ ಇಲ್ಲ. ಅರ್ಜಿ ಇಲ್ಲ ಅಂದ್ರೆ ತಡ ಆಗೋ ಪ್ರಶ್ನೆಯೇ ಇಲ್ಲ!

ಮತ್ತೊಮ್ಮೆ ಓದಿ. ನೀವು ಮೂರು ದಿನ ಹಿರಿಸಾವೆಯಿಂದ ಚನ್ನರಾಯಪಟ್ಟಣಕ್ಕೆ ಓಡಾಡಿರಬಹುದು, ಕೊಣನೂರಿಂದ ಅರಕಲಗೂಡಿಗೆ ಅಲೆದಿರಬಹುದು. ಕಂಪ್ಯೂಟರ್ ಲೆಕ್ಕದಲ್ಲಿ ನೀವು ಬಂದೇ ಇಲ್ಲ. ತಿಂಗಳ ಕೊನೆಗೆ ವರದಿ ತೆಗೆದರೆ ಎಲ್ಲಾ ಅರ್ಜಿ ಗಡುವಿನೊಳಗೇ ವಿಲೇವಾರಿ ಆಗಿರುತ್ತೆ. ವರದಿ ಸುಳ್ಳಲ್ಲ. ನಿಮ್ಮನ್ನ ಎಣಿಸಿಲ್ಲ, ಅಷ್ಟೇ.

ಕಾಯ್ದೆ ಮನುಷ್ಯನ ಆಲಸ್ಯಕ್ಕೆ ದಂಡ ಹಾಕ್ತು. ಯಂತ್ರದ ಆಲಸ್ಯದ ಮಾತು ಬಂದಾಗ ಹೊಣೆ ಹೊರೋರು ಯಾರೂ ಕಾಣಲ್ಲ.

ಕೌಂಟರ್‌ನಲ್ಲಿ ಕೂತವರ ಮೇಲೆ ರೇಗಬೇಡಿ. "ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ" ಅನ್ನೋ ಹುಡುಗನಿಗೆ ನಿಮಗಿಂತ ಹೆಚ್ಚೇನೂ ಗೊತ್ತಿರಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತದ್ದು ನೆನಪಿದೆಯಾ? ಒಂದಲ್ಲ ಎರಡಲ್ಲ, ಸಾಲು ಸಾಲು ಆ್ಯಪ್‌ಗಳ ಕೆಲಸ. ಅದಕ್ಕೆ ತಕ್ಕ ಸಲಕರಣೆ, ಸೌಕರ್ಯ ಇಲ್ಲ ಅನ್ನೋದು ಅವರ ದೂರು. ಕಿಟಕಿಯ ಎರಡೂ ಕಡೆ ಇರೋರು ಒಂದೇ ಸರ್ವರ್‌ಗೆ ಕಾಯ್ತಿದ್ದಾರೆ.

4/7

ಈಗ ಸ್ವಲ್ಪ ಲೆಕ್ಕ. ಹೆದರ್ಬೇಡಿ, ಸುಲಭ ಇದೆ.

ಒಂದು ಜಮೀನು ನೋಂದಣಿ ಅಂದ್ರೆ ಒಂದೇ ಸಾಫ್ಟ್‌ವೇರ್ ಅಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕಾವೇರಿ. ಪಹಣಿ ನೋಡೋಕೆ ಅದು ಭೂಮಿಯನ್ನ ಕೇಳ್ಬೇಕು. 11ಇ ನಕ್ಷೆ ಮೋಜಿಣಿಯಿಂದ ಬರ್ಬೇಕು. ಶುಲ್ಕ ಖಜಾನೆ-2ಕ್ಕೆ ಹೋಗ್ಬೇಕು. ಪಂಚಾಯ್ತಿ ಸೈಟಾದ್ರೆ ಇ-ಸ್ವತ್ತು, ಪಟ್ಟಣದ್ದಾದ್ರೆ ಇ-ಆಸ್ತಿ. ಒಂದೊಂದೂ ಒಂದೊಂದು ಇಲಾಖೆಯದ್ದು. ಒಂದು ಸೇವೆ ಇನ್ನೊಂದನ್ನ ಕೇಳಿ ಕೆಲಸ ಮುಗಿಸೋ ಈ ವ್ಯವಸ್ಥೆ ಒಳ್ಳೇದೇ. ಮೊದಲು ಆ ಸುತ್ತಾಟವನ್ನ ನೀವೇ ಕಾಲಲ್ಲಿ ಮಾಡ್ತಿದ್ರಿ.

ಆದ್ರೆ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಕೆಲಸ ನಿಲ್ಲುತ್ತೆ. ಒಂದೊಂದು ಸಾಫ್ಟ್‌ವೇರೂ 99% ಸಮಯ ನಡೆಯುತ್ತೆ ಅಂತ ಇಟ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? 30 ದಿನದ ತಿಂಗಳಲ್ಲಿ 720 ಗಂಟೆ. 1% ಅಂದ್ರೆ 7 ಗಂಟೆ 12 ನಿಮಿಷ ಬಂದ್. ಇಂಥ ಐದು ಸೇವೆ ಒಟ್ಟಿಗೆ ನಡೀಬೇಕು, ಒಂದೊಂದೂ ತನ್ನ ಪಾಡಿಗೆ ಬೇರೆ ಬೇರೆ ಹೊತ್ತಲ್ಲಿ ಕೆಡುತ್ತೆ ಅಂದ್ರೆ, ಐದೂ ನಡೀತಿರೋ ಸಮಯ ಸುಮಾರು 95%ಕ್ಕೆ ಇಳಿಯುತ್ತೆ. ತಿಂಗಳಿಗೆ ಸುಮಾರು 35 ಗಂಟೆ ಕೆಲಸ ಆಗಲ್ಲ.

ಐದೂ ಇಲಾಖೆಯವರು "ನಮ್ದು 99% ಇದೆ ಸಾರ್" ಅಂತಾರೆ. ಐವರೂ ಹೇಳೋದು ನಿಜ. ನಿಮ್ಮ ಕೆಲಸ ಮಾತ್ರ ಆಗಿಲ್ಲ.

ಇದಕ್ಕೇ ಬೇಕಾಗೋದು ಉಸ್ತುವಾರಿ. ಇಡೀ ಸರಪಳಿಗೆ ಒಬ್ಬ ಯಜಮಾನ. ಮನೆ ಕಟ್ಟಿಸೋವಾಗ ಗಾರೆಯವನು ಬಡಗಿ ಮೇಲೆ ಹೇಳ್ತಾನೆ, ಬಡಗಿ ಪ್ಲಂಬರ್ ಮೇಲೆ ಹೇಳ್ತಾನೆ. ಅದಕ್ಕೇ ತಾನೇ ಒಬ್ಬ ಮೇಸ್ತ್ರಿ ಇರೋದು?

5/7

ಇನ್ನೊಂದು ಪ್ರಶ್ನೆ. ಆ 99% ಅನ್ನ ಅಳೆದದ್ದು ಎಲ್ಲಿ ನಿಂತು?

ಇದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡ್ಬೇಕಾಗಿಲ್ಲ. ಗೊರೂರಲ್ಲಿ ಹೇಮಾವತಿ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟರು ಅಂತ ಪೇಪರ್‌ನಲ್ಲಿ ಬರುತ್ತೆ. ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆ, ಬಲದಂಡೆ ಕಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರದ ಕಡೆ. ತೂಬಿನ ಹತ್ರ ನಿಂತು ಅಳೆದರೆ ನೀರು ಪೂರ್ತಿ ಹೋಗಿದೆ. ನಾಲೆ ಕೊನೆಯ ರೈತನ ಗದ್ದೆಯಲ್ಲಿ ನಿಂತು ನೋಡಿ. ಮಧ್ಯೆ ಹೂಳು, ಸೋರಿಕೆ, ಪಂಪು. ಕೊನೆಗೆ ಅವನಿಗೆ ಸಿಕ್ಕಿದ್ದು ಒದ್ದೆ ಮಣ್ಣು.

ಸರ್ವರ್ ಕೂಡ ಹಾಗೇ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಹಸಿರು ದೀಪ ಉರೀತಿರುತ್ತೆ. ಹಳ್ಳಿಮೈಸೂರಿನ ನಾಡಕಚೇರಿಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಸತ್ತಿರುತ್ತೆ, ಅಥವಾ ರಸ್ತೆ ಅಗೆದು ಕೇಬಲ್ ತುಂಡಾಗಿರುತ್ತೆ, ಅಥವಾ ಬೆರಳಚ್ಚಿನ ಯಂತ್ರ ಓದ್ತಿರಲ್ಲ. ಒಪ್ಪಂದದ ಪ್ರಕಾರ ಸಿಸ್ಟಮ್ ನಡೀತಾ ಇದೆ. ನಿಮ್ಮ ಪ್ರಕಾರ ಇಲ್ಲ. ನಿಮ್ಮದೇ ಸರಿ.

ಸಮಯದ ಲೆಕ್ಕದಲ್ಲೂ ಇದೇ ಆಟ. ದಿನದ 24 ಗಂಟೆಗೆ ಅಳೆದರೆ, ರಾತ್ರಿ 2 ಗಂಟೆಗೆ ಯಾರೂ ಮುಟ್ಟದಿದ್ದಾಗ ಚೆನ್ನಾಗಿ ನಡೆದದ್ದೂ ಅಂಕಕ್ಕೆ ಸೇರುತ್ತೆ. ಕಚೇರಿ ಇರೋದು ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ಅಳೀಬೇಕಾದ್ದು ಆ ಏಳೂವರೆ ಗಂಟೆ. ಅಳೀಬೇಕಾದ ಜಾಗ ಹೋಬಳಿ ಕಿಟಕಿ. ನೀರಿನ ಲೆಕ್ಕ ಕೊನೇ ಗದ್ದೆಯಲ್ಲಿ, ಸರ್ವರ್ ಲೆಕ್ಕ ಕೊನೇ ಕಿಟಕಿಯಲ್ಲಿ.

6/7

"ದೊಡ್ಡ ದೊಡ್ಡ ಕಂಪನಿಗಳದ್ದೇ ಕೆಡುತ್ತೆ, ಸರ್ಕಾರದ್ದು ಕೆಡಲ್ವಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್‌ನ ಒಂದು ಭಾಗ ಕೆಟ್ಟು ಜಗತ್ತಿನ ಎಷ್ಟೋ ಆ್ಯಪ್‌ಗಳು ನಿಂತವು. ಆದ್ರೆ ಅವರ ಒಪ್ಪಂದವನ್ನ ಯಾರು ಬೇಕಾದ್ರೂ ಓದಬಹುದು. ಅವರ ಇಸಿ2 ಸೇವೆಗೆ 99.99% ಭರವಸೆ. ಅದಕ್ಕಿಂತ ಇಳಿದರೆ ಬಿಲ್‌ನಲ್ಲಿ 10% ವಾಪಸ್, 99%ಗಿಂತ ಇಳಿದರೆ 30%, 95%ಗಿಂತಲೂ ಇಳಿದರೆ ಪೂರ್ತಿ 100%. ನಗದಲ್ಲ, ಕ್ರೆಡಿಟ್. ಅದೂ ಗ್ರಾಹಕ ಕೇಳಿದರೆ ಮಾತ್ರ.

ನಮ್ಮ ಕಚೇರಿಗಳ ಸಾಫ್ಟ್‌ವೇರ್ ಅಲ್ಲಿದೆ ಅಂತ ಹೇಳ್ತಿಲ್ಲ. ಒಂದು ಸೂಕ್ಷ್ಮ ತೋರಿಸೋಕೆ ಹೇಳಿದೆ: ಇಂಥ ಒಪ್ಪಂದದಲ್ಲಿ ಗ್ರಾಹಕ ಅಂದ್ರೆ ನೀವಲ್ಲ. ಸರ್ಕಾರ ಇಂಥ ಒಪ್ಪಂದ ಮಾಡಿಕೊಂಡ್ರೆ ಗ್ರಾಹಕ ಇಲಾಖೆ. ದಂಡ ಬಿದ್ದರೂ ಉಳಿತಾಯ ಇಲಾಖೆಗೆ. ಕೂಲಿ ಹೋದದ್ದು ನಿಮ್ದು, ಕ್ರೆಡಿಟ್ ಸಿಕ್ಕಿದ್ದು ಅವರಿಗೆ.

"ದಾಳಿ ಆದ್ರೆ ಏನ್ ಮಾಡೋಕಾಗುತ್ತೆ?" ಅನ್ನೋದು ಇನ್ನೊಂದು ವಾದ. 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ಹಾಗೇ ಆಯ್ತು. ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರ ಕೇಳೋ ನೆಪದಲ್ಲಿ ಬೇಡಿಕೆಗಳ ಪ್ರವಾಹ ಹರಿಸಿದ್ರು, ರಾಜ್ಯದಾದ್ಯಂತ ನೋಂದಣಿ ಕುಸೀತು, ಪೊಲೀಸ್ ದೂರು ಆಯ್ತು. ಮಾಡಿದವರು ಅಪರಾಧಿಗಳು, ಒಪ್ತೀನಿ. ಆದ್ರೆ ಸಂತೆಯಲ್ಲಿ ಕಳ್ಳರಿರ್ತಾರೆ ಅಂತ ಗೊತ್ತಿದ್ದೇ ತಾನೇ ಅಂಗಡಿ ಹಾಕೋದು? ದಾಳಿ ಬಂದಾಗ ಯಾರು ಎಷ್ಟು ಹೊತ್ತಲ್ಲಿ ಏನು ಮಾಡ್ಬೇಕು, ಜನಕ್ಕೆ ಏನು ಹೇಳ್ಬೇಕು ಅನ್ನೋದು ಒಪ್ಪಂದದಲ್ಲೇ ಇರಬೇಕಾದ ವಿಷಯ.

ಮತ್ತೆ "ಕೈಬರಹದ ಕಾಲವೇ ವಾಸಿ" ಅನ್ನೋರಿಗೆ: ಇಲ್ಲ. ಭೂಮಿ ಯೋಜನೆಗೆ ಮೊದಲು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಅವರು ಸಿಕ್ಕಿದ ದಿನವೇ ನಿಮ್ಮ ಪುಣ್ಯ. ಕಂಪ್ಯೂಟರ್ ಬಂದು ₹15ಕ್ಕೆ ಕೌಂಟರ್‌ನಲ್ಲಿ ಪಹಣಿ ಸಿಗೋ ಹಾಗಾಯ್ತು. ಆ ಲಾಭ ದೊಡ್ಡದು. ಅದನ್ನ ಉಳಿಸಿಕೊಳ್ಳೋಕೇ ಈ ಮಾತು.

7/7

ಹಾಗಾದ್ರೆ ಏನು ಬೇಕು? ನನ್ನ ಪಟ್ಟಿ ಇದು. ನಿಮ್ಮದೂ ಸೇರಿಸಿ 👇

📌 ಸರ್ವರ್ ಇಲ್ಲದ ಚೀಟಿ. ಬಂದವರಿಗೆ ತಾರೀಖು, ಸಮಯ, ಸೀಲು ಹಾಕಿದ ಒಂದು ತುಂಡು ಕಾಗದ. ಸಕಾಲದ ಗಡಿಯಾರ ಆ ಚೀಟಿಯ ದಿನದಿಂದಲೇ ಓಡ್ಬೇಕು. ಇದಕ್ಕೆ ಕಂಪ್ಯೂಟರೂ ಬೇಡ, ಒಂದು ರಸೀದಿ ಪುಸ್ತಕ ಸಾಕು.

📌 ಗಡುವು ತಾನಾಗೇ ಮುಂದಕ್ಕೆ. ಕೊನೇ ದಿನ ಸಿಸ್ಟಮ್ ಅರ್ಧ ದಿನ ನಿಂತರೆ ಕೊನೇ ದಿನವೂ ಮುಂದೆ ಹೋಗ್ಬೇಕು. ಯಾರೂ ಮನವಿ ಕೊಡೋ ಹಾಗಿರಬಾರದು.

📌 ತಾಲ್ಲೂಕುವಾರು ಬೋರ್ಡು. ಯಾವ ಸೇವೆ ನಡೀತಿದೆ, ಯಾವುದು ನಿಂತಿದೆ, ಎಷ್ಟೊತ್ತಿಂದ ಅಂತ ಮೊಬೈಲಲ್ಲೇ ಕಾಣ್ಬೇಕು. ನುಗ್ಗೇಹಳ್ಳಿಯವರು ಬಸ್ ಹತ್ತೋ ಮುಂಚೆ ನೋಡ್ಕೋಬಹುದು.

📌 ಸರಪಳಿಗೆ ಒಬ್ಬ ಮೇಸ್ತ್ರಿ. ಇಲಾಖೆ ಇಲಾಖೆಗಳ ನಡುವೆಯೂ ಲಿಖಿತ ಒಪ್ಪಂದ, ಮೇಲೆ ಒಬ್ಬ ಹೆಸರಿರೋ ಅಧಿಕಾರಿ.

📌 ಬದಲಾವಣೆಗೆ ಶಿಸ್ತು. ಹೊಸ ವರ್ಷನ್ ಹಾಕೋದು ಎರಡನೇ ಶನಿವಾರವೋ ಭಾನುವಾರವೋ ಆಗ್ಲಿ. ಪ್ರವೇಶಾತಿ, ಖರೀದಿ ನೋಂದಣಿ ನಡೆಯೋ ವಾರಗಳಲ್ಲಿ ಮುಟ್ಟಬಾರದು.

ಇವತ್ತೇ ನೀವು ಮಾಡಬಹುದಾದ್ದೂ ಒಂದಿದೆ. ಮಾಹಿತಿ ಹಕ್ಕು ಅರ್ಜಿ. ₹10 ಶುಲ್ಕ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದೊಳಗೆ ಬರೀಬೇಕು. ಕೇಳಿ: ಈ ಸಾಫ್ಟ್‌ವೇರ್‌ನ ಸೇವಾ ಒಪ್ಪಂದದ ಪ್ರತಿ ಕೊಡಿ. ಕಳೆದ 12 ತಿಂಗಳಲ್ಲಿ ನಮ್ಮ ತಾಲ್ಲೂಕಲ್ಲಿ ಕಚೇರಿ ವೇಳೆಯಲ್ಲಿ ಎಷ್ಟು ಗಂಟೆ ನಿಂತಿತ್ತು? ಅದಕ್ಕೆ ಎಷ್ಟು ದಂಡ ಹಾಕಿದ್ರಿ? "ಅಂಥ ದಾಖಲೆ ನಮ್ಮಲ್ಲಿಲ್ಲ" ಅಂತ ಉತ್ತರ ಬಂದ್ರೂ ಅದೇ ದೊಡ್ಡ ಉತ್ತರ. ಯಾರೂ ಅಳೀತಿಲ್ಲ ಅಂತ ಅವರೇ ಬರೆದುಕೊಟ್ಟ ಹಾಗಾಯ್ತು.

ಮುಂದಿನ ಸಲ ಆ ಬಿಳಿ ಹಾಳೆ ಕಂಡಾಗ ಒಳಗಿನವರನ್ನ ಬೈಬೇಡಿ. ಒಂದೇ ಕೇಳಿ: "ಎಷ್ಟು ಗಂಟೆಯಿಂದ ಇಲ್ಲ, ಬರೆದು ಕೊಡ್ತೀರಾ?" ಹತ್ತು ಜನ ಕೇಳಿದ್ರೆ ಹಾಳೆಯಲ್ಲಿ ಸಮಯ ಬರುತ್ತೆ. ನೂರು ಜನ ಕೇಳಿದ್ರೆ ಸಹಿ ಬರುತ್ತೆ.

ಈ ತಿಂಗಳು ನಿಮ್ಮ ಹೋಬಳಿಯಲ್ಲಿ ಎಷ್ಟು ದಿನ ಹೀಗಾಯ್ತು? ಊರು, ತಾರೀಖು ಮಾತ್ರ ಕಾಮೆಂಟಲ್ಲಿ ಹಾಕಿ. ಅಧಿಕಾರಿಗಳ ಹೆಸರು ಬೇಡ. ನಾವೇ ಲೆಕ್ಕ ಶುರು ಮಾಡೋಣ. ಸೇವ್ ಮಾಡಿ, ಮನೆ ವಾಟ್ಸಾಪ್ ಗ್ರೂಪಿಗೂ ಕಳ್ಸಿ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಸಕಾಲ #ಸರ್ವರ್‌ಇಲ್ಲ #ಕನ್ನಡದಲ್ಲಿತಂತ್ರಜ್ಞಾನ